ಔಷಧ ಹೊರುವ ಗುಳ್ಳೆಗಳೂ ನಮ್ಮ ಅತ್ತೆಯೂ

ಬಸ್ಸಿನಲ್ಲಿ ನಮ್ಮ ಸೋದರತ್ತೆಯ ಪಕ್ಕ ಕೂತವರು ಔರಾದಿಗೆ ಟಿಕೆಟ್ ತೆಗೆಸಿದ್ದರೂ ನಡುದಾರಿಯ ಸಂತಪುರದಲ್ಲೇ ಇಳಿದು ಪಾರಾಗುತ್ತಾರೆ. ಅತ್ತೆ ಕೆಟ್ಟವಳಲ್ಲ. ಬೀದರಿನ ಒಂದು ಫಾರ್ಮಸಿ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ಅಷ್ಟೇ. ಆದರೆ ಆ ಪಾಠ ಕಾಲೇಜಿನಲ್ಲೇ ಮುಗಿಯಬೇಕಲ್ಲ? ಲೈಪೋಸೋಮ್ ಎಂಬ, ಕಣ್ಣಿಗೆ ಕಾಣದ ಕೊಬ್ಬಿನ ಗುಳ್ಳೆಗಳ ಮೇಲೆ ಅವಳಿಗೆ ಎಲ್ಲಿಲ್ಲದ ಪ್ರೀತಿ.

ಒಮ್ಮೆ ನನ್ನೆದುರೇ, ಕುರಿ ಮಾರಿ ಊರಿಗೆ ಹೊರಟಿದ್ದ ಹೆಂಗಸೊಬ್ಬಳು ಅವಳ ಕೈಗೆ ಸಿಕ್ಕಿಬಿದ್ದಳು.

“ಗುಳಿಗಿ ನುಂಗಿದ್ರ ಔಷಧ ಮೈತುಂಬ ತಿರಗತದ್ರಿ. ಈ ಗುಳ್ಳಿಯೊಳಗ ತುಂಬಿ ಬಿಟ್ರ, ಬ್ಯಾನಿ ಇದ್ದಲ್ಲೇ ಹೆಚ್ಚು ಹೋಗಿ ಇಳಿತದ,” ಎಂದಳು ಅತ್ತೆ.

“ಎಕ್ಸ್‌ಪ್ರೆಸ್ ಬಸ್ಸಿನಂಗೇನ್ರಿ?”

“ಹೌದ್ರಿ, ಹಂಗೇ!”

“ಹಂಗಿದ್ರ ನಮ್ಮೂರಾಗ ನಿಂದ್ರಂಗಿಲ್ಲ ಬಿಡ್ರಿ,” ಎಂದು ಆಕೆ ಕಿಟಕಿಯತ್ತ ತಿರುಗಿದಳು.

ಅತ್ತೆಯ ಹರೆಯದಲ್ಲಿ ಅವಳನ್ನು ನೋಡಲು ಭಾಲ್ಕಿಯಿಂದ ಬಂದ ಗಂಡಿಗೂ ಇದೇ ಪಾಠವಾಗಿತ್ತು. ಒಂದು ತಾಸು ಕೇಳಿದ ಆತ ಕೊನೆಗೆ, “ಅಡಗಿ ಬರ್ತದೇನ್ರಿ?” ಎಂದ. ಗುಳ್ಳೆ ಮಾಡುವ ಕೊಬ್ಬು ಮೊಟ್ಟೆಯ ಹಳದಿಯಲ್ಲೂ ಸಿಗುತ್ತದೆ ನೋಡಿ, ಅತ್ತೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: “ತತ್ತಿಯೊಳಗಿನ ಹಳದಿ ಬ್ಯಾರೆ ಮಾಡ್ಲಾಕ ಬರ್ತದ್ರಿ.”

ಭಾಲ್ಕಿಯಿಂದ ಸುದ್ದಿಯೇ ಬರಲಿಲ್ಲ. ಆಮೇಲೆ ಬೇರೆ ಯಾರೂ ಬರಲಿಲ್ಲ. ಹಬ್ಬಕ್ಕೆ ಕೂಡಿದಾಗಲೆಲ್ಲ ನಾವು ಈ ಕತೆ ಹೇಳಿಕೊಂಡು ನಗುತ್ತಿದ್ದೆವು. ಅತ್ತೆಯೂ ನಗುತ್ತಿದ್ದಳು, ನಕ್ಕು ಬೀದರಿನ ಎರಡು ಕೋಣೆಯ ಬಾಡಿಗೆ ಮನೆಗೆ ಮರಳುತ್ತಿದ್ದಳು. ಅಲ್ಲಿಗೆ ನಮ್ಮಲ್ಲಿ ಯಾರೂ ಹೋಗುತ್ತಿರಲಿಲ್ಲ. ಹೋದರೆ ಪಾಠ ಕೇಳಬೇಕಲ್ಲ?

ಹೋದ ವರ್ಷ ಅವಳ ಕಾಲೇಜಿನ ಜವಾನ ನನಗೆ ಫೋನ್ ಮಾಡಿದ. “ಮೇಡಂ ಅವರಿಗಿ ಕ್ಯಾನ್ಸರ್ ಅದರಿ. ಒಬ್ಬರೇ ದವಾಖಾನಿಗಿ ಹೋಗ್ಲಿಕತ್ತಾರ.”

ಆಸ್ಪತ್ರೆಗೆ ಓಡಿದೆ. ಅತ್ತೆ ಹಾಸಿಗೆಗೆ ಒರಗಿದ್ದಳು. ಅವಳ ಗುಳ್ಳೆಗಳಲ್ಲೇ ತುಂಬಿದ್ದ ಕೆಂಪು ಔಷಧ, ಮೇಲಿನ ಬಾಟಲಿಯಿಂದ ಹನಿಹನಿಯಾಗಿ ಅವಳ ಕೈಗೆ ಇಳಿಯುತ್ತಿತ್ತು. ಅದನ್ನು ನೋಡುತ್ತ, ಯಾರಿಗೂ ಏನೂ ವಿವರಿಸದೆ ಸುಮ್ಮನಿದ್ದಳು. ಅತ್ತೆ ಸುಮ್ಮನಿದ್ದುದನ್ನು ನಾನು ನೋಡಿದ್ದು ಅದೇ ಮೊದಲು.

ನರ್ಸ್ ನನ್ನನ್ನು ತಡೆದಳು. “ನೀವೇನ್ರಿ ಇವರ ಕಡಿಯವರು? ಇದು ಮೂರನೇ ಸಲ. ಜೋಡಿ ಯಾರು ಬಂದಾರ ಅಂತ ಕೇಳಿದಾಗೊಮ್ಮೆ, ‘ನಮ್ಮವರು ಚಾ ಕುಡೀಲಾಕ ಹೋಗ್ಯಾರ’ ಅಂತಾರ. ಒಮ್ಮೆನೂ ಯಾರೂ ಕಾಣ್ಸಿಲ್ಲ.”

ಅತ್ತೆ ಮುಖ ಗೋಡೆಯತ್ತ ಹೊರಳಿಸಿದಳು.

“ನಾನೇ ರೀ,” ಎಂದೆ. “ಬರೂದು ತಡ ಆಯ್ತು.”

ಅತ್ತೆ ಮೆಲ್ಲಗೆ ಕಾಲು ಮಡಚಿಕೊಂಡು, ನನಗೆ ಕೂರಲು ಜಾಗ ಮಾಡಿದಳು.