ಕಿಟಕಿಯ ಮುಂದಿನ ದಾಸವಾಳ

ಯಾವುದನ್ನೇ ಆಗಲಿ ಆರಿಸುವುದೆಂದರೆ ನನಗೆ ಮೊದಲಿನಿಂದಲೂ ಆಯಾಸ. ಹೋಟೆಲಿನಲ್ಲಿ ಸಪ್ಲೈಯರ್ ಒಂದೇ ಉಸಿರಿನಲ್ಲಿ ತಿಂಡಿಗಳ ಹೆಸರು ಹೇಳುವಾಗ ಮೊದಲನೆಯದಕ್ಕೇ ತಲೆಯಾಡಿಸಿಬಿಡುತ್ತೇನೆ. ಹಾಗಾಗಿ ಮೂವತ್ತು ವರ್ಷಗಳಿಂದ ಇಡ್ಲಿ ತಿನ್ನುತ್ತಿದ್ದೇನೆ. ಇಂಥವನ ಪಾಲಿಗೆ ಮನೆ ಮುಂದಿನ ಗಿಡಗಳನ್ನು ಎತ್ತರ, ಆಕಾರ, ಅಂದ ಎಲ್ಲ ನೋಡಿ ಆರಿಸುವ ಕೆಲಸ ಬಂತು.

ಅದಕ್ಕೆ ಕಾರಣ ನನ್ನ ಹೆಂಡತಿ ನಾಗರತ್ನಳ ಮಂಡಿ. ಒಂದಾದ ಮೇಲೊಂದು ಎರಡಕ್ಕೂ ಆಪರೇಷನ್ ಆಗಬೇಕಿತ್ತು. ಮೊದಲನೆಯದು ಮುಗಿಸಿಕೊಂಡು ಬಂದವಳು ಹಗಲೆಲ್ಲ ಕಿಟಕಿಯ ಪಕ್ಕದ ಕುರ್ಚಿಯಲ್ಲೇ ಇರುತ್ತಿದ್ದಳು. ಚಿತ್ರದುರ್ಗದಲ್ಲಿ ಎತ್ತ ತಿರುಗಿದರೂ ಬಂಡೆ, ಕೋಟೆ ಕಾಣುತ್ತದೆ ಅನ್ನುತ್ತಾರೆ. ನಮ್ಮ ಕಿಟಕಿಯಿಂದ ಕಾಣುವುದು ಪಕ್ಕದ ಮನೆಯವರ ಕಪ್ಪು ನೀರಿನ ಟ್ಯಾಂಕು. ಹದಿನೈದು ದಿನ ಅದನ್ನು ನೋಡಿ ಅವಳು ಅಂದಳು: “ರೀ, ಎಲ್ಡು ಗಿಡನಾದ್ರೂ ತಂದು ಹಾಕ್ರಿ. ಕಿಟಕಿ ಕೆಳಗೆ ಗಿಡ್ಡಂದು, ಟ್ಯಾಂಕಿಗೆ ಮರೆಯಾಗಂಗೆ ಎತ್ತರದ್ದು.”

ಬಬ್ಬೂರಿನ ಕಡೆ ಒಂದು ನರ್ಸರಿ ಇದೆ ಎಂದು ಕೇಳಿ ಹಿರಿಯೂರಿನ ಬಸ್ಸು ಹತ್ತಿದೆ. ನರ್ಸರಿಯ ತಿಪ್ಪೇಸ್ವಾಮಿ ಕಣಗಿಲೆ, ನಂದಿಬಟ್ಟಲು, ಕ್ರೋಟನ್ ಎಲ್ಲವನ್ನೂ ತಾಳ್ಮೆಯಿಂದ ತೋರಿಸಿದ.

“ಇದು ದುಂಡಗೆ ಬರ್ತೈತೇನಪ್ಪ?” ಎಂದೆ.

“ದುಂಡಗೆ ಕತ್ತರಿಸಿದ್ರೆ ದುಂಡಗೆ, ಚೌಕ ಕತ್ತರಿಸಿದ್ರೆ ಚೌಕ, ಸಾರ್.”

“ಹಂಗೇ ಬಿಟ್ರೆ?”

“ಹಂಗೇ ಬಿಟ್ರೆ ಅದರಿಷ್ಟ.”

ಅಷ್ಟು ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಎರಡೂ ದಾಸವಾಳವೇ ಇರಲಿ ಎಂದುಬಿಟ್ಟೆ: ಒಂದು ಮೊಣಕಾಲೆತ್ತರ ದಾಟದ ಗಿಡ್ಡ ತಳಿ, ಇನ್ನೊಂದು ಆಳೆತ್ತರ ಬೆಳೆಯುವಂಥದ್ದು. “ಬಲಗೈಲಿರೋದು ಗಿಡ್ಡ, ಎಡಗೈಲಿರೋದು ಎತ್ತರ, ಮರೀಬ್ಯಾಡ್ರಿ” ಎಂದು ಎರಡು ಚೀಲ ಕೊಟ್ಟ. ನಾನು ಮರೆಯಲಿಲ್ಲ. ಆದರೆ ಬಸ್ಸಿನಲ್ಲಿ ಟಿಕೆಟ್ ತೆಗೆಸಲು ಚೀಲಗಳನ್ನು ಕಾಲ ಬಳಿ ಇಟ್ಟವನು ಇಳಿಯುವಾಗ ಅವಸರದಲ್ಲಿ ಯಾವ ಕೈಗೆ ಯಾವುದು ಎಂದು ನೋಡದೆ ಎತ್ತಿಕೊಂಡೆ. ಎರಡೂ ಗೇಣುದ್ದದ ಗಿಡಗಳು, ಒಂದೇ ಬಗೆಯ ಎಲೆ. ಮನೆಯಲ್ಲಿ ಒಂದು ನಿಮಿಷ ಯೋಚಿಸಿ, ನಾಗರತ್ನಳಿಗೆ ಏನೂ ಹೇಳದೆ, ಧೈರ್ಯವಾಗಿ ನೆಟ್ಟುಬಿಟ್ಟೆ.

ಎರಡನೆಯ ಮಂಡಿಯ ಆಪರೇಷನ್ ಆಗುವ ಹೊತ್ತಿಗೆ ವರ್ಷದ ಮೇಲಾಗಿತ್ತು. ಟ್ಯಾಂಕಿನ ಮುಂದಿನ ಗಿಡ ಮೊಣಕಾಲೆತ್ತರಕ್ಕೆ ಬಂದು ಅಲ್ಲೇ ನಿಂತಿತು. ಕಿಟಕಿಯ ಕೆಳಗಿನದು ಸರಳುಗಳ ನಡುವೆ ಒಳಗೇ ನುಗ್ಗಿತು. ಮಧ್ಯಾಹ್ನವೂ ಲೈಟು ಹಾಕಬೇಕಾಯಿತು. ನಾಗರತ್ನ ಬಯ್ದಿದ್ದರೆ ಸಮಾಧಾನವಾಗುತ್ತಿತ್ತು. “ಟ್ಯಾಂಕಂತೂ ಕಾಣಲ್ಲ ಬಿಡ್ರಿ” ಎಂದಷ್ಟೇ ಹೇಳಿದಳು. ಗೋಡೆ ಹಿಡಿದು ಬಚ್ಚಲವರೆಗೆ ಹೋಗಿಬರುವುದು ಬಿಟ್ಟರೆ ಕುರ್ಚಿಯಿಂದ ಏಳುತ್ತಲೇ ಇರಲಿಲ್ಲ. ಇನ್ನು ಇವಳು ನಡೆಯುವುದೇ ಇಲ್ಲವೇನೋ ಎಂಬ ಹೆದರಿಕೆ ನನಗೆ ಹತ್ತಿತು.

ಒಂದು ಭಾನುವಾರ ಬೆಳಿಗ್ಗೆ ಕತ್ತರಿ ಹಿಡಿದು ಅಂಗಳಕ್ಕಿಳಿದೆ. ಕಿಟಕಿಯ ಗಿಡದ ಬಲಭಾಗ ಕತ್ತರಿಸಿದೆ, ಎಡ ಹೆಚ್ಚಾಗಿ ಕಂಡಿತು. ಎಡ ಕತ್ತರಿಸಿದೆ, ಈಗ ಬಲ ಹೆಚ್ಚಾಯಿತು. ಒಳಗಿನಿಂದ ಅವಳು, “ಸಾಕು ಬಿಡ್ರಿ” ಎಂದಳು. “ಒಂದೇ ನಿಮಿಷ” ಎಂದು ನಡುವಿನ ಕೊಂಬೆಯನ್ನೇ ಕತ್ತರಿಸಿಹಾಕಿದೆ. ಮೋಟು ಮಾತ್ರ ಉಳಿಯಿತು.

ಬಾಗಿಲು ಕಿರುಗುಟ್ಟಿತು. ತಿರುಗಿ ನೋಡಿದರೆ ನಾಗರತ್ನ ಮೆಟ್ಟಿಲಿಳಿದು ಬರುತ್ತಿದ್ದಾಳೆ. ಕೈಯಲ್ಲಿ ಕೋಲಿಲ್ಲ. ಗೋಡೆಯನ್ನೂ ಹಿಡಿದಿಲ್ಲ.

“ಹೂವಾದ್ರೂ ಬಿಡ್ತಿತ್ತು ಅದು,” ಎಂದಳು. “ಕತ್ತರಿ ಇತ್ಲಾಗ್ ಕೊಡ್ರಿ. ನೀವು ಹೋಗಿ ಒಳಗೆ ಕುಂತ್ಕಳ್ರಿ.”

ಹೋಗಿ ಕುಳಿತೆ. ಅಂದಿನಿಂದ ದಿನವೂ ಸಂಜೆ ಅವಳು ಅಂಗಳಕ್ಕೆ ಹೋಗಿ ಆ ಮೋಟು ಚಿಗುರಿದೆಯೇ ಎಂದು ನೋಡಿ ಬರುತ್ತಾಳೆ. ನನ್ನನ್ನು ಹತ್ತಿರ ಬಿಡುವುದಿಲ್ಲ. ಮೊನ್ನೆ ತಪಾಸಣೆಗೆ ಹೋದಾಗ ಡಾಕ್ಟರು ಅವಳ ನಡಿಗೆ ನೋಡಿ, “ಮನೆಯವರು ತುಂಬ ಚೆನ್ನಾಗಿ ನೋಡ್ಕೊಂಡಿದ್ದಾರೆ” ಎಂದರು. ನಾನು ವಿನಯದಿಂದ ತಲೆ ತಗ್ಗಿಸಿದೆ. ಬೇರೆ ದಾರಿಯಿರಲಿಲ್ಲ, ನಾಗರತ್ನ ನನ್ನ ಮುಖವನ್ನೇ ನೋಡುತ್ತಿದ್ದಳು.