ಯಾರಿಗೂ ಹೇಳದ ಮೂರು ತಿಂಗಳು

ಬಚ್ಚಿಡಬೇಕೆಂದು ನಾನು ಹಟ ತೊಟ್ಟ ಸಂಗತಿಗಳಿಗೇ ಕಾಲು ಬರುವುದು ನನಗೆ ಹೊಸದಲ್ಲ. ನನ್ನ ಉದ್ಯೋಗ ನೋಡಿದರೆ ಹಾಗಾಗಬಾರದು. ಪುಣೆಯ ನಿವೃತ್ತರನ್ನು ಗುಂಪು ಕಟ್ಟಿಕೊಂಡು ದೇಶ ತೋರಿಸಿ ತರುವವಳು ನಾನು. ಇಸ್ತಾಂಬುಲ್‌ನಲ್ಲಿ ಒಮ್ಮೆ ಹೋಟೆಲಿನವನು ‘ನಿಮ್ಮ ಬುಕಿಂಗೇ ಇಲ್ಲ’ ಅಂದಾಗ, ಇಪ್ಪತ್ತೆಂಟು ಜನ ಹಿರಿಯರನ್ನು ಲಾಬಿಯಲ್ಲಿ ಕೂಡಿಸಿ, ಒಂದು ತಾಸು ಅಂತ್ಯಾಕ್ಷರಿ ಆಡಿಸಿ, ಅಷ್ಟರಲ್ಲಿ ಬೇರೆ ಹೋಟೆಲು ಹುಡುಕಿದ್ದೆ. ಯಾರಿಗೂ ಏನೂ ತಿಳಿಯಲಿಲ್ಲ. ಒಬ್ಬ ಅಜ್ಜ ಮಾತ್ರ ಊರಿಗೆ ಬಂದ ಮೇಲೆ, ‘ಮೊದಲ ಹೋಟೆಲಿನ ಅಂತ್ಯಾಕ್ಷರಿ ವ್ಯವಸ್ಥೆ ಉತ್ತಮವಾಗಿತ್ತು’ ಎಂದು ಬರೆದುಕೊಟ್ಟರು.

ಅಂಥ ನಾನು, ಪುಣೆಯ ವಾಕಡ ಬಡಾವಣೆಯ ನನ್ನ ಸ್ವಂತ ಮನೆಯಲ್ಲಿ, ಒಂದೇ ಒಂದು ಗುಟ್ಟನ್ನು ಮೂರು ತಿಂಗಳು ತುಂಬುವ ತನಕ ಕಾಯಲು ಹೋಗಿ ಏನಾದೆ ಅನ್ನುವುದು ಇಲ್ಲಿದೆ.

ಬಿಬವೇವಾಡಿಯ ಔಷಧದಂಗಡಿ

ದಿನ ತಪ್ಪಿ ವಾರವಾಗಿತ್ತು. ನಮ್ಮ ಕಟ್ಟಡದ ಬುಡದಲ್ಲೇ ಔಷಧದಂಗಡಿ ಇದೆ. ಆದರೆ ಅಲ್ಲಿ ಕೆಮ್ಮಿನ ಗುಳಿಗೆ ಕೊಂಡರೂ ನಾನು ಒಂಬತ್ತನೇ ಮಹಡಿ ಮುಟ್ಟುವಷ್ಟರಲ್ಲಿ ಯಾರೋ ಒಬ್ಬರು ‘ಕೆಮ್ಮು ಹೆಂಗದ?’ ಎಂದು ಕೇಳಿರುತ್ತಾರೆ. ಆದ್ದರಿಂದ ಗರ್ಭ ಪರೀಕ್ಷೆಯ ಕಿಟ್ ತರಲು ಊರಿನ ಇನ್ನೊಂದು ತುದಿಗೆ, ಬಿಬವೇವಾಡಿಗೆ ಹೋದೆ. ಅಲ್ಲಿ ನನ್ನ ಗುರುತು ಹಿಡಿಯುವ ಒಂದು ನಾಯಿಯೂ ಇಲ್ಲ.

ಪೇಟೆಯ ನಡುವೆ ಒಂದು ಸಣ್ಣ ಅಂಗಡಿ. ನಾನು ಬಾಯಿ ತೆರೆಯುವ ಮೊದಲೇ ಅಂಗಡಿಯವರು ಎದ್ದು ನಿಂತು ಕೈ ಮುಗಿದರು.

“ಅರೇ ಮ್ಯಾಡಮ್! ನಮ್ಮ ಅಪ್ಪ-ಅಮ್ಮನ್ನ ಟರ್ಕಿಗೆ ಕರಕೊಂಡು ಹೋಗಿದ್ದು ನೀವೇ ಅಲ್ವಾ? ಅಪ್ಪ ಇನ್ನೂ ಆ ಅಂತ್ಯಾಕ್ಷರಿ ನೆನೆಸ್ತಾರೆ. ಹೇಳಿ, ಏನು ಕೊಡಲಿ?” ಅಂದರು ಮರಾಠಿಯಲ್ಲಿ.

“ಟೂತ್‌ಬ್ರಶ್” ಅಂದೆ.

ಕೊಟ್ಟರು. “ಮತ್ತೆ?”

“ಬಾಚಣಿಗೆ.”

“ಮತ್ತೆ?”

ಹತ್ತಿ, ಉಗುರು ಕತ್ತರಿ, ನಮ್ಮ ಮನೆಯಲ್ಲಿ ಯಾರೂ ಹಚ್ಚದ ಒಂದು ಕೂದಲೆಣ್ಣೆ ಎಲ್ಲ ಕೊಂಡ ಮೇಲೆ ಧೈರ್ಯ ಬಂತು. “ಗೆಳತಿಯೊಬ್ಬಳು ತರಲು ಹೇಳಿದ್ದಾಳೆ” ಎಂದು ಕಿಟ್ಟಿನ ಹೆಸರು ಹೇಳಿದೆ.

ಆ ಮನುಷ್ಯ ಬಹಳ ಸಭ್ಯರು. ಕಿಟ್ಟನ್ನು ಕಾಗದದಲ್ಲಿ ಸುತ್ತಿದರು, ಕಪ್ಪು ಚೀಲಕ್ಕೆ ಹಾಕಿದರು, ಅದನ್ನು ಇನ್ನೊಂದು ಚೀಲಕ್ಕೆ ಹಾಕಿದರು. ಆಮೇಲೆ ಗಲ್ಲಾಪೆಟ್ಟಿಗೆಯ ಕಡೆ ನೋಡುತ್ತ ಮೆಲ್ಲಗೆ ಅಂದರು: “ಬೆಳಗಿನ ಹೊತ್ತು ನೋಡಿಕೊಂಡರೆ ಒಳ್ಳೇದು ಅಂತ ನಿಮ್ಮ ಗೆಳತಿಗೆ ಹೇಳಿ. ಎರಡು ಗೆರೆ ಬಂದರೆ ತಡ ಮಾಡದೆ ಡಾಕ್ಟರನ್ನು ಕಾಣಲಿ. ಮತ್ತೆ, ಇನ್ನು ಮೇಲೆ ಏರ್‌ಪೋರ್ಟಿನಲ್ಲಿ ಮುದುಕರ ಬ್ಯಾಗು ಎತ್ತೋದು ಬೇಡ ಅನ್ನಿ.”

ಇಪ್ಪತ್ತಾರು ಜನ

ಎರಡು ಗೆರೆ ಬಂದವು. ನಾನೂ ನನ್ನ ಗಂಡನೂ ಊಟದ ಮೇಜಿನ ಆಚೆ ಈಚೆ ಕೂತು ಅವುಗಳನ್ನೇ ನೋಡಿದೆವು.

“ಈ ಸಲ ಯಾರಿಗೂ ಹೇಳೋದು ಬ್ಯಾಡ” ಅಂದೆ.

“ಅವ್ವಗ?”

“ಅತ್ತಿಗಂತೂ ಮೊದಲ ಬ್ಯಾಡ.”

ಯಾಕೆಂದು ಅವನಿಗೂ ಗೊತ್ತಿತ್ತು. ಮೂರು ವರ್ಷದ ಹಿಂದೆ ಹೀಗೇ ಎರಡು ಗೆರೆ ಕಂಡ ದಿನ ನಾನು ವಿಮಾನ ಹತ್ತುವ ಮುಂಚೆಯೇ ಕಂಡಕಂಡವರಿಗೆಲ್ಲ ಫೋನು ಮಾಡಿದ್ದೆ. ಒಂಬತ್ತನೇ ವಾರದ ಆಚೆಗೆ ಆ ಬಸಿರು ನಿಲ್ಲಲಿಲ್ಲ. ಆಮೇಲೆ ಅಷ್ಟೂ ಜನರಿಗೆ ಒಬ್ಬೊಬ್ಬರಾಗಿ ಫೋನು ಮಾಡಿ ‘ಇಲ್ಲ’ ಅನ್ನಬೇಕಾಯಿತು. ಮೈಯ ನೋವು ಹತ್ತು ದಿನದಲ್ಲಿ ಹೋಯಿತು. ಫೋನಿನ ನೋವಿಗೆ ಎರಡು ತಿಂಗಳು ಹಿಡಿಯಿತು. ಹಾಗಾಗಿ ಈ ಸಲ ಹನ್ನೆರಡನೇ ವಾರದ ಸ್ಕ್ಯಾನು ಆಗುವ ತನಕ ಬಾಯಿಗೆ ಬೀಗ.

ಡಾಕ್ಟರಮ್ಮ ನನ್ನ ಹಳೇ ಕಾಗದ ನೋಡಿ, “ಹೋದ ಸಲದ್ದು ನಿಮ್ಮ ಓಡಾಟದಿಂದ ಆದದ್ದಲ್ಲ. ಮೊದಲು ಅದನ್ನ ತಲೆಯಿಂದ ತೆಗೆದುಹಾಕಿ” ಅಂದರು. ಫೋಲಿಕ್ ಆಸಿಡ್ ಗುಳಿಗೆ ಬರೆದರು, ರಕ್ತ ಪರೀಕ್ಷೆ ಬರೆದರು. “ಆದರೆ ಈ ಸಲ ಒಂದೆರಡು ಹನಿ ರಕ್ತ ಕಂಡಿದೆ ಅಂತೀರಿ. ಸ್ಕ್ಯಾನ್ ಆಗೋವರೆಗೆ ಊರು ಬಿಡಬೇಡಿ.”

“ನಡುವೆ ಒಂದು ವಿಯೆಟ್ನಾಂ ಇದೆ.”

“ವಿಯೆಟ್ನಾಮಿನಲ್ಲಿ ಏನಿದೆ?”

“ಇಪ್ಪತ್ತಾರು ಜನ ಹಿರಿಯ ನಾಗರಿಕರು. ನಾನಿಲ್ಲದೆ ಅವರಿಗೆ ಕಷ್ಟ.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ಅವರು ಇಪ್ಪತ್ತಾರು ಜನ ಇದ್ದಾರೆ. ಇಲ್ಲಿ ಇದೊಂದೇ ಇದೆ, ಇದಕ್ಕೆ ನೀವು ಬಿಟ್ಟರೆ ಬೇರೆ ಗುಂಪಿಲ್ಲ.”

ಇಪ್ಪತ್ತಾರು ಜನರನ್ನು ಸಹೋದ್ಯೋಗಿಯೊಬ್ಬಳಿಗೆ ಒಪ್ಪಿಸಿ ಮನೆಗೆ ಬಂದು, ವಿಯೆಟ್ನಾಮಿಗೆಂದು ಅರ್ಧ ತುಂಬಿದ್ದ ಸೂಟ್‌ಕೇಸನ್ನು ಬಾಗಿಲ ಪಕ್ಕದ ಮೂಲೆಯಲ್ಲಿ ನಿಲ್ಲಿಸಿದೆ. ಅದು ನನ್ನನ್ನು ನೋಡಿತು, ನಾನು ಅದನ್ನು ನೋಡಲಿಲ್ಲ.

ಸೊಂಟಕ್ಕೆ ಔಷಧ

ಗುಟ್ಟು ಕಾಯುವುದರಲ್ಲಿ ನನ್ನ ಗಂಡನಷ್ಟು ದಡ್ಡನನ್ನು ನಾನು ಯಾವ ದೇಶದಲ್ಲೂ ಕಂಡಿಲ್ಲ. ಆರು ವರ್ಷದಲ್ಲಿ ಒಮ್ಮೆಯೂ ನನ್ನ ಕೈಚೀಲ ಹಿಡಿಯದವನು, ಈಗ ಅದನ್ನು ಎದೆಗವಚಿಕೊಂಡು ಲಿಫ್ಟಿನ ಬಾಗಿಲು ಹಿಡಿದು ನಿಲ್ಲತೊಡಗಿದ. ಎದುರು ಮನೆಯ ಟೀಚರಮ್ಮ ನೋಡಿದರು. ಬೆಳಗಾವಿಯವರು, ನಿವೃತ್ತರಾದರೂ ಹಾಜರಿ ತೆಗೆದುಕೊಳ್ಳುವ ಕಣ್ಣು ನಿವೃತ್ತವಾಗಿಲ್ಲ.

“ಯಾಕ್ರೀ, ಆರಾಮಿಲ್ಲೇನ್ರೀ?”

“ಸೊಂಟ ಹಿಡದದ ರೀ” ಅಂದುಬಿಟ್ಟೆ. ಮಾತು ನಂಬಿಸಲು ಸ್ವಲ್ಪ ಕುಂಟಿದೆ ಕೂಡ.

ಮರುದಿನ ಮತ್ತೆ ಸಿಕ್ಕರು. ಮತ್ತೆ ಕುಂಟಿದೆ.

“ನಿನ್ನೆ ಎಡಗಾಲಲ್ರೀ ಕುಂಟಿದ್ದು?” ಅಂದರು ಟೀಚರಮ್ಮ.

“ನೋವು ಜಾಗಾ ಬದಲಾಯಿಸ್ತದ ರೀ.”

“ಹೌದ್ಹೌದು. ಅಂಥಾದ್ದು ಇರ್ತದ” ಎಂದು ಬಹಳ ಗಂಭೀರವಾಗಿ ತಲೆದೂಗಿದರು. ಅರ್ಧ ತಾಸಿಗೆ ಒಂದು ಬಟ್ಟಲು ತಂದುಕೊಟ್ಟರು. ಹುಣಸಿಕಾಯಿ ಚಟ್ನಿ. “ಇಂಥಾ ಸೊಂಟನೋವಿಗೆ ಇದು ಭಾಳ ಛಲೋ ರೀ. ದಿನಾ ಸ್ವಲ್ಪ ನೆಕ್ಕರಿ.”

ಹತ್ತು ದಿನದಿಂದ ಅನ್ನ ಸೇರದ ನಾನು, ಆ ಬಟ್ಟಲನ್ನು ನಿಂತಲ್ಲೇ ಖಾಲಿ ಮಾಡಿದೆ. ಇದೆಂಥ ಅದ್ಭುತ ಔಷಧ ಅನ್ನಿಸಿತು. ಆಫೀಸಿನಲ್ಲಿ ನಿಜವಾಗಿಯೂ ಸೊಂಟ ಹಿಡಿದು ಕೂತಿದ್ದ ಮ್ಯಾನೇಜರಿಗೂ ಹೇಳಿದೆ. ಅವರು ನನ್ನ ಮಾತು ನಂಬಿ ಒಂದು ವಾರ ನೆಕ್ಕಿದರು. ಸೊಂಟ ಇದ್ದ ಹಾಗೇ ಇತ್ತು. ಹಲ್ಲಿನ ಡಾಕ್ಟರನ್ನು ಮಾತ್ರ ಎರಡು ಸಲ ಕಂಡು ಬಂದರು.

ವಾಕಡದ ವಿಯೆಟ್ನಾಂ

ಧಾರವಾಡದ ಅತ್ತೆಗೆ ನನ್ನ ವಿಯೆಟ್ನಾಂ ಪ್ರವಾಸದ ತಾರೀಖು ಬಾಯಿಪಾಠ. ಹೋಗಲಿಲ್ಲ ಅಂದರೆ ಯಾಕೆ ಅನ್ನುತ್ತಾರೆ. ಹಾಗಾಗಿ ಹೋದೆ ಅಂದೆ. ಮರುದಿನವೇ ವಿಡಿಯೋ ಕಾಲ್ ಬಂತು.

ಬಾಲ್ಕನಿಯಲ್ಲಿ ಎರಡು ಬಿದಿರಿನ ಕುಂಡಗಳಿವೆ. ಅವುಗಳ ನಡುವೆ ತಲೆಗೆ ಹುಲ್ಲಿನ ಟೊಪ್ಪಿಗೆ ಹಾಕಿ ಕೂತೆ.

“ಹೆಂಗದವ್ವಾ ವಿಯೆಟ್ನಾಂ?”

“ಭಾಳ ಹಸಿರದ ಅತ್ತಿ.”

ಆಗಲೇ ಕೆಳಗೆ ಸೊಪ್ಪಿನ ಗಾಡಿಯವನು, ‘ಮೇಥೀ, ಪಾಲಕ, ಕೋಥಿಂಬೀರ’ ಎಂದು ಗಂಟಲು ಹರಿಯುವ ಹಾಗೆ ಕೂಗಿದ. ಅತ್ತೆ ಕಿವಿ ನಿಮಿರಿಸಿದರು. “ಅಲ್ಲೂ ಮರಾಠಿ ಮಾತಾಡ್ತಾರ?”

“ನಮ್ಮ ಗುಂಪಿನ ಕಾಕಾ ಒಬ್ರು. ಊರಿನ ನೆನಪು ಬಂದಾಗ ಹಿಂಗ ಕೂಗ್ತಾರ” ಅಂದೆ.

“ಪಾಪ” ಅಂದರು ಅತ್ತೆ. “ಅವರಿಗೆ ಬಿಸಿನೀರು ಕೊಡು. ನೀನೂ ಹೊತ್ತಿಗೆ ಸರಿಯಾಗಿ ಉಣ್ಣು. ಆ ದೇಶದಾಗ ಪಪ್ಪಾಯಿ ಭಾಳ ಅಂತ, ನೀ ತಿನ್ನಬ್ಯಾಡ. ಮಧ್ಯಾಹ್ನ ಸ್ವಲ್ಪ ಅಡ್ಡಾಗು. ಇಪ್ಪತ್ತಾರು ಮಂದಿ ಹಾಳಾಗಿ ಹೋಗ್ಲಿ.”

ಇಪ್ಪತ್ತು ದೇಶ ತಿರುಗಿದ ನನಗೆ ಯಾವ ಅನುಮಾನವೂ ಬರಲಿಲ್ಲ. ಅತ್ತೆಗೆ ವಿದೇಶದ ಹಣ್ಣುಗಳ ಬಗ್ಗೆ ಇಷ್ಟು ತಿಳಿವಳಿಕೆ ಇದೆಯಲ್ಲ ಎಂದು ಹೆಮ್ಮೆಪಟ್ಟೆ.

ಕೈ ಬೀಸಿದ್ದು

ಸ್ಕ್ಯಾನಿನ ದಿನ ಬಂತು. ತಂಪು ಜೆಲ್, ಕತ್ತಲೆ ಕೋಣೆ, ಪರದೆಯ ಕಡೆ ತಿರುಗಿದ ಸ್ಕ್ಯಾನ್ ಡಾಕ್ಟರ ಮುಖ. ಮುಖದ ಮೇಲೆ ಏನೂ ತೋರಿಸದವರು ಈ ಲೋಕದಲ್ಲಿ ನಾನೊಬ್ಬಳೇ ಅಲ್ಲ ಅಂತ ಆ ಒಂದು ನಿಮಿಷದಲ್ಲಿ ಗೊತ್ತಾಯಿತು.

“ಎಲ್ಲಾ ಸರಿ ಅದನ್ರೀ?” ನನ್ನ ಗಂಡ ಗಾಬರಿಯಲ್ಲಿ ಕನ್ನಡದಲ್ಲೇ ಕೇಳಿದ. ಆ ಮರಾಠಿ ಡಾಕ್ಟರಿಗೆ ಅರ್ಥವಾಯಿತು. ಪರದೆಯನ್ನು ನಮ್ಮ ಕಡೆ ತಿರುಗಿಸಿದರು.

ಮಗುವಿನ ಎದೆ ಬಡಿಯುತ್ತಿತ್ತು, ಕುದುರೆ ಓಡಿದ ಹಾಗೆ. ಆಮೇಲೆ ಒಂದು ಪುಟ್ಟ ಕೈ ಮೇಲೆದ್ದು ಬೀಸಿತು. ಜಾತ್ರೆಯಂಥ ವಿಮಾನನಿಲ್ದಾಣದಲ್ಲಿ ತಪ್ಪಿಸಿಕೊಂಡ ಪ್ರಯಾಣಿಕರು ನನ್ನ ಬಾವುಟ ಕಂಡ ಕೂಡಲೇ ದೂರದಿಂದ ಬೀಸುವುದು ಥೇಟು ಹಾಗೇ.

ಅಭ್ಯಾಸಬಲ. ಮಲಗಿದಲ್ಲಿಂದಲೇ ನಾನೂ ಕೈಯೆತ್ತಿ, “ಇಲ್ಲೇ ಇದ್ದೀನಿ, ಗಡಿಬಿಡಿ ಮಾಡಬೇಡಿ” ಅಂದೆ.

ಐದು ಕಪ್ಪು ಚಹಾ

ಮರುದಿನ ಮಧ್ಯಾಹ್ನ ಅತ್ತೆಗೆ ಫೋನು ಮಾಡಿ ಹೇಳುವುದೆಂದು ತೀರ್ಮಾನಿಸಿದೆವು. ಫೋನು ಕೈಗೆ ತೆಗೆದುಕೊಂಡೆ, ಅಷ್ಟರಲ್ಲಿ ಕರೆಗಂಟೆ ಬಡಿಯಿತು. ಬಾಗಿಲಲ್ಲಿ ನಮ್ಮ ಮನೆಗೆಲಸದ ಮೌಶಿ, ಕೆಲಸದ ಹೊತ್ತಲ್ಲದ ಹೊತ್ತಿನಲ್ಲಿ, ಒಳ್ಳೆಯ ಸೀರೆ ಉಟ್ಟು, ಸೆರಗಿನಡಿ ತೆಂಗಿನಕಾಯಿ ಹಿಡಿದು.

“ಚೋರ ಓಟಿ” ಎಂದು ಪಿಸುಗುಟ್ಟಿದಳು. ಮೂರು ತಿಂಗಳಾದಾಗ ಬಸುರಿಗೆ ಕದ್ದುಮುಚ್ಚಿ ಉಡಿ ತುಂಬುವುದು ಮರಾಠಿಯವರ ಪದ್ಧತಿ. “ಯಾರಿಗೂ ಗೊತ್ತಾಗಬಾರದು ಮ್ಯಾಡಮ್. ಅದಕ್ಕೇ ಈ ಹೊತ್ತಿಗೆ ಬಂದೆ.”

ನನ್ನ ಬಾಯಿ ತೆರೆದೇ ಇತ್ತು. ಮತ್ತೆ ಗಂಟೆ. ಅವಳನ್ನು ಅಡಿಗೆಮನೆಗೆ ತಳ್ಳಿ ಬಾಗಿಲು ತೆಗೆದರೆ ಟೀಚರಮ್ಮ. ತಟ್ಟೆಯಲ್ಲಿ ಹಸಿರು ಖಣ, ಹಸಿರು ಬಳೆ.

“ಕಳ್ಳ ಕುಬಸ ರೀ” ಅಂದರು. ನಮ್ಮ ಕಡೆ ಮೂರನೇ ತಿಂಗಳಲ್ಲಿ ಸದ್ದಿಲ್ಲದೆ ರವಿಕೆಯ ಖಣ ಕೊಡುವ ಪದ್ಧತಿ ಅದು. “ಒಬ್ಬರಿಗೂ ಸುಳಿವು ಹತ್ತಬಾರದು.”

ಮೂರನೇ ಸಲ ಗಂಟೆ. ಟೀಚರಮ್ಮನನ್ನು ಮಲಗುವ ಕೋಣೆಗೆ ಕಳಿಸಿದೆ. ಅವರು ಒಂದೂ ಪ್ರಶ್ನೆ ಕೇಳದೆ, ಮೂವತ್ತು ವರ್ಷ ಮಕ್ಕಳಿಗೆ ಶಿಸ್ತು ಕಲಿಸಿದವರ ಹಾಗೆ ಹೋಗಿ ಕೂತರು. ಈ ಸಲ ಬಾಗಿಲಲ್ಲಿ ಅತ್ತೆ, ಧಾರವಾಡದಿಂದ. ಹಿಂದೆ ಅವರ ಚೀಲ ಹೊತ್ತ ವಾಚ್‌ಮನ್ ಕಾಕಾ.

“ಮನ್ಯಾಗ ಯಾರೂ ಇಲ್ಲಲ್ಲ?” ಅತ್ತೆ ಆಚೆ ಈಚೆ ನೋಡಿದರು.

“ಯಾರೂ ಇಲ್ಲ ಅತ್ತಿ.”

ಅಷ್ಟರಲ್ಲಿ ಅಡಿಗೆಮನೆಯಿಂದ ಮೌಶಿ ತಟ್ಟೆ ಹಿಡಿದು ಬಂದಳು. ಐದು ಕಪ್ಪು ಚಹಾ. ಅತ್ತೆ ಒಂದು ಎತ್ತಿಕೊಂಡು, ದಿನಾ ಕುಡಿಯುವವರ ಹಾಗೆ, “ನನಗ ಸಕ್ಕರಿ ಕಡಿಮಿ ಹಾಕಿಯಲ್ಲ?” ಅಂದರು. ಟೀಚರಮ್ಮ ಒಳಗಿನಿಂದಲೇ, “ಬಸ್ಸು ಲೇಟಾತೇನ್ರೀ?” ಎಂದು ಕೇಳಿದರು.

ನಾನು ಗಂಡನ ಕಡೆ ತಿರುಗಿದೆ. “ದೇವರಾಣಿ ನಾ ಹೇಳಿಲ್ಲ!” ಎಂದು ಅವನು ಎರಡೂ ಕೈ ಎತ್ತಿದ.

“ಸಾಹೇಬರನ್ನ ಯಾಕೆ ಬೈತೀರಿ?” ಮೌಶಿ ಬಾಗಿಲ ಪಕ್ಕದ ಸೂಟ್‌ಕೇಸಿನ ಕಡೆ ಬೆರಳು ತೋರಿಸಿದಳು. “ಆರು ವರ್ಷ ಆಯ್ತು ನಾನು ಇಲ್ಲಿ ಕೆಲಸಕ್ಕೆ ಬಂದು. ಒಂದು ದಿನ ಆ ಪೆಟ್ಟಿಗೆ ಮೇಲೆ ಧೂಳು ಕೂತಿದ್ದು ಕಂಡಿಲ್ಲ. ಈಗ ವಾರಕ್ಕೆ ಎರಡು ಸಲ ಒರೆಸ್ತಿದ್ದೀನಿ. ಜ್ವರ ಬಂದಾಗ ಹೋದ್ರಿ, ಕಾಲು ಉಳುಕಿದಾಗ ಹೋದ್ರಿ. ನಿಮ್ಮನ್ನ ಎರಡು ತಿಂಗಳು ಊರಲ್ಲೇ ಕೂಡಿಸೋ ಕಾಯಿಲೆ ಇನ್ನು ಯಾವುದಿದೆ?”

ಮೌಶಿ ಟೀಚರಮ್ಮನಿಗೆ ಹೇಳಿದ್ದಳು. ಟೀಚರಮ್ಮ ಅತ್ತೆಗೆ. ಅತ್ತೆ ನನಗೆ ಮಾತ್ರ ಹೇಳಿರಲಿಲ್ಲ.

“ಮತ್ತ ನನ್ನ ವಿಯೆಟ್ನಾಂ, ಟೊಪ್ಪಿಗಿ ಎಲ್ಲಾ ನೋಡಿ ಸುಮ್ನಿದ್ರಿ?” ಅಂದೆ. ಅಳು ಬಂತೋ ನಗು ಬಂತೋ ತಿಳಿಯಲಿಲ್ಲ.

ಅತ್ತೆ ಕಪ್ಪು ಕೆಳಗಿಟ್ಟರು. “ಹೋದ ಸಲ ನೀ ಒಬ್ಬೊಬ್ಬರಿಗೆ ಫೋನ್ ಮಾಡಿ ‘ಇಲ್ಲ’ ಅಂತ ಹೇಳಿದ್ಯಲ್ಲ, ಅದು ನನಗ ನೆನಪದ. ಈ ಸಲ ಏನರೆ ಹೆಚ್ಚುಕಮ್ಮಿ ಆದ್ರ ನಿನಗ ಫೋನ್ ಮಾಡೋ ಕೆಲಸ ಇರಬಾರದು. ಅದಕ್ಕ ನಮಗ ಯಾರಿಗೂ ಗೊತ್ತ ಇರಲಿಲ್ಲ.”

ಕೋಣೆಯಿಂದ ಹೊರಗೆ ಬಂದ ಟೀಚರಮ್ಮ ಕನ್ನಡಕ ಒರೆಸಿಕೊಂಡರು. ಆಮೇಲೆ ನನ್ನನ್ನು ಕುರ್ಚಿಯಲ್ಲಿ ಕೂಡಿಸಿ ಮೂವರೂ ಸೇರಿ ಉಡಿ ತುಂಬಿದರು. ಮೂರು ತೆಂಗಿನಕಾಯಿ, ಮೂರು ಹಸಿರು ಖಣ. ಇಡಲು ಜಾಗವಿಲ್ಲದೆ ಎಲ್ಲವನ್ನೂ ಸೂಟ್‌ಕೇಸಿನಲ್ಲಿ ವಿಯೆಟ್ನಾಮಿನ ರೇನ್‌ಕೋಟಿನ ಮೇಲೆ ಇಟ್ಟೆವು.

ಕೊನೆಗೆ ಅತ್ತೆ ತುಟಿಯ ಮೇಲೆ ಬೆರಳಿಟ್ಟು ಎಲ್ಲರನ್ನೂ ಒಂದು ಸುತ್ತು ನೋಡಿದರು. “ಇದು ಕಳ್ಳ ಕುಬಸ. ಈ ಮಾತು ಈ ಬಾಗಿಲು ದಾಟಿ ಹೋಗಬಾರದು.”

ಬಾಗಿಲಲ್ಲಿ ಐದನೇ ಕಪ್ಪು ಹಿಡಿದು ನಿಂತಿದ್ದ ವಾಚ್‌ಮನ್ ಕಾಕಾನಿಗೆ ಬಹಳ ಬೇಜಾರಾಯಿತು.

“ಏರ್‌ಪೋರ್ಟಿನ ಟ್ಯಾಕ್ಸಿ ಬರೋದು ನಿಂತ ದಿನದಿಂದ ನನಗೆ ಗೊತ್ತು ಅಮ್ಮಾ” ಅಂದರು. “ಎರಡು ತಿಂಗಳಿಂದ ಇಡೀ ಸೊಸೈಟಿ ಗೇಟಿಗೆ ಬಂದು ಕೇಳ್ತಾ ಇದೆ. ಪ್ರತಿಯೊಬ್ಬರಿಗೂ ಒಂದೇ ಮಾತು ಹೇಳಿದ್ದೀನಿ: ಮೂರು ತಿಂಗಳು ತುಂಬೋ ತನಕ ನನ್ನನ್ನ ಏನೂ ಕೇಳಬೇಡಿ!”