ಕಾಫಿ ಕಣದಲ್ಲಿ ಕಡಲ ಸಭೆ

ಜನರನ್ನು ಒಪ್ಪಿಸುವುದು ನನಗೆ ನೀರು ಕುಡಿದಷ್ಟು ಸುಲಭ. ಇಷ್ಟೆಲ್ಲ ಆದ ಮೇಲೂ ಈ ಮಾತನ್ನು ನಾನು ವಾಪಸ್ ತೆಗೆದುಕೊಳ್ಳುವುದಿಲ್ಲ. ಕೊಡಗಿನ ನಮ್ಮೂರು ಬಿಟ್ಟಂಗಾಲಕ್ಕೆ ಬಂದು ಬೆಳ್ಯಪ್ಪ ಎಂಥವನು ಎಂದು ಯಾರನ್ನು ಬೇಕಾದರೂ ಕೇಳಿ. ಪಕ್ಕದ ಮನೆ ಸೀತಕ್ಕನನ್ನು ಮಾತ್ರ ಕೇಳಬೇಡಿ. ಮೀನು ಮಾರುವ ಹಂಸನನ್ನೂ ಬೇಡ. ನನ್ನ ಹೆಂಡತಿ ಲೀಲಾಳನ್ನಂತೂ ಬೇಡವೇ ಬೇಡ!

ನಾನು ಕಾಫಿ ಎಸ್ಟೇಟಿನಲ್ಲಿ ಕೂಲಿಯವರ ಲೆಕ್ಕ ನೋಡುವ ರೈಟರ್ ಆಗಿದ್ದವನು. ಪಿಕ್ಕಿಂಗ್ ಕಾಲದಲ್ಲಿ ಒಬ್ಬರ ಹತ್ತಿರ ಮಲಯಾಳ, ಇನ್ನೊಬ್ಬರ ಹತ್ತಿರ ತಮಿಳು, ಮತ್ತೊಬ್ಬರ ಹತ್ತಿರ ತುಳು, ಸಿಟ್ಟು ನೆತ್ತಿಗೇರಿದರೆ ನಮ್ಮ ಅರೆಭಾಷೆ ಮಾತಾಡಿ ಕೂಲಿಯವರ ಇಡೀ ಲೈನನ್ನೇ ನಿಭಾಯಿಸಿದವನು. ಎಸ್ಟೇಟಿನ ಮಾಲೀಕರಿಗೂ ನನಗೂ ಮಾತಿಗೆ ಮಾತು ಬೆಳೆದು, ನಿಮ್ಮ ಕೆಲಸ ನಿಮ್ಮಲ್ಲೇ ಇರಲಿ ಎಂದು ಮೀಸೆ ತಿರುವಿ ಬಂದುಬಿಟ್ಟೆ. ತಿಂಗಳುಗಟ್ಟಲೆ ಮೀಸೆ ತಿರುವುತ್ತಲೇ ಮನೆಯಲ್ಲಿ ಕೂತಿದ್ದೆ. ಆಗ ಸಿಕ್ಕಿದ್ದು ಈ ಹೊಸ ಕೆಲಸ. ಕಡಲಿನ ನಡುವೆ ದೈತ್ಯ ಗಾಳಿಯಂತ್ರಗಳನ್ನು ನಿಲ್ಲಿಸಿ ಕರೆಂಟು ತೆಗೆಯುವ ಕಂಪನಿಯೊಂದಕ್ಕೆ, ಕರಾವಳಿಯ ಮೀನುಗಾರರ ಜೊತೆ ಮಾತಾಡಲು ಹಲವು ಭಾಷೆ ಬಲ್ಲ ಒಬ್ಬ ಮನುಷ್ಯ ಬೇಕಿತ್ತು.

"ನಿಮಗೆ ಸಮುದ್ರ ಗೊತ್ತಾ?" ಎಂದು ಮುಖ್ಯಸ್ಥೆ ವಸುಧಾ ಮೇಡಂ ಕೇಳಿದರು.

"ಜನ ಗೊತ್ತು ಮೇಡಂ. ಜನ ಎಲ್ಲ ಕಡೆಯೂ ಒಂದೇ!" ಎಂದೆ.

ಕೆಲಸ ಸಿಕ್ಕಿತು. ಸದ್ಯಕ್ಕೆ ನೋಡೋಣ, ಸರಿಹೋದರೆ ಕಾಯಂ ಎಂಬ ಷರತ್ತಿನ ಮೇಲೆ.

ಮೊದಲ ಸಲ ಕಡಲ ತೀರಕ್ಕೆ ಹೋದಾಗ ಮೀನುಗಾರರು ದೋಣಿಯ ನೆರಳಲ್ಲಿ ಕೂತು ಬಲೆ ಸರಿಮಾಡುತ್ತಿದ್ದರು. ನಾನು ಶೂ ಒದ್ದೆಯಾಗದಷ್ಟು ದೂರದಲ್ಲಿ ನಿಂತು, ಕಡಲಿನ ಕಡೆಗೆ ಕೈ ಬೀಸಿ, "ನೋಡಿ, ಎಷ್ಟೊಂದು ಜಾಗ ಖಾಲಿ ಬಿದ್ದಿದೆ! ಆ ಮೂಲೆಯಲ್ಲಿ ನಾಲ್ಕು ಫ್ಯಾನು ನಿಲ್ಲಿಸಿದರೆ ನಿಮಗೇನು ಕಷ್ಟ?" ಎಂದೆ. ಹಿರಿಯರೊಬ್ಬರು ಬಲೆಯಿಂದ ತಲೆಯೆತ್ತಿ "ಖಾಲಿಯಾ?" ಎಂದರು. ಅಷ್ಟೇ. ಸಭೆ ಮುಗಿಯಿತು! ಎಲ್ಲರೂ ಎದ್ದು ಹೋದರು. ಬಲೆಯನ್ನೂ ಎತ್ತಿಕೊಂಡು ಹೋದರು.

ವಸುಧಾ ಮೇಡಂ ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. "ಸೋಮವಾರ ಅಲ್ಲೇ ಇನ್ನೊಂದು ಸಭೆ ಇದೆ. ಅದೂ ಹೀಗೇ ಆದರೆ ನೀವು ಮನೆಯಲ್ಲಿ ಕಾಫಿ ನೋಡಿಕೊಂಡಿರಿ. ಭಾನುವಾರ ಮೈಸೂರಿನಿಂದ ಬರುತ್ತ ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ, ಸಿದ್ಧವಾಗಿರಿ" ಎಂದರು.

ಲೀಲಾಳಿಗೆ ಹೇಳಿದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು.

"ಈ ಕೆಲಸ ಹೋದ್ರೆ ನೀವು ಮತ್ತೆ ಇಡೀ ದಿನ ಮನೇಲೇ ಇರ್ತೀರಾ?"

"ಹೌದು."

"ಅಯ್ಯೋ ದೇವರೇ" ಎಂದಳು. ಅವಳ ದನಿಯಲ್ಲಿ ನಿಜವಾದ ಭಯವಿತ್ತು. ಕೆಲಸವಿಲ್ಲದ ತಿಂಗಳುಗಳಲ್ಲಿ ನಾನು ಅವಳ ಅಡುಗೆಮನೆಯನ್ನು ಎಸ್ಟೇಟಿನ ಶಿಸ್ತಿಗೆ ತರಲು ಸ್ವಲ್ಪ ಪ್ರಯತ್ನಪಟ್ಟಿದ್ದೆ.

ಆಗ ನನಗೊಂದು ಅದ್ಭುತ ಉಪಾಯ ಹೊಳೆಯಿತು. ರಿಹರ್ಸಲ್! ಭಾನುವಾರ ಬೆಳಿಗ್ಗೆ ನೆರೆಯವರನ್ನೆಲ್ಲ ಕರೆದು, ಅವರನ್ನೇ ಮೀನುಗಾರರನ್ನಾಗಿ ಮಾಡಿ, ಒಂದು ಅಣಕು ಸಭೆ ನಡೆಸುವುದು. ಅವರು ಪ್ರಶ್ನೆ ಕೇಳುವುದು, ನಾನು ಉತ್ತರಿಸುವುದು, ಅವರು ಒಪ್ಪುವುದು. ಕೊನೆಗೆ ಕಡುಬು, ಕೋಳಿ ಸಾರು.

"ಕಣದಲ್ಲಿ ಕಾಫಿ ಒಣಗ್ತಾ ಉಂಟು. ಮೂಲೇಲಿ ಕಾಳುಮೆಣಸು ರಾಶಿ ಹಾಕಿದ್ದೇನೆ, ಇನ್ನೂ ತೂರಿಲ್ಲ. ಅದರ ಹತ್ತಿರ ಹೋಗ್ಬೇಡಿ" ಎಂದಳು ಲೀಲಾ.

"ಕಣವೇ ನಮ್ಮ ಕಡಲು!" ಎಂದು ಘೋಷಿಸಿದೆ.

ಭಾನುವಾರ ಬೆಳಿಗ್ಗೆ ಕಣದ ನಡುವೆ, ಕಾಫಿಯನ್ನು ಸ್ವಲ್ಪ ಸರಿಸಿ, ನಮ್ಮ ಮನೆಯ ಉದ್ದ ಕಾಲಿನ ಫ್ಯಾನನ್ನು ನಿಲ್ಲಿಸಿದೆ. ಅದು ಗಾಳಿಯಂತ್ರ. ಎರಡು ಬೆತ್ತದ ಬುಟ್ಟಿ ಬೋರಲು ಹಾಕಿದೆ. ಅವು ದೋಣಿ. ಫ್ಯಾನಿನ ವಯರನ್ನು ಜಗಲಿಯ ಪ್ಲಗ್ಗಿಗೆ ಸಿಕ್ಕಿಸಿ ಎಲ್ಲ ಗುಂಡಿಗಳನ್ನೂ ಒತ್ತಿ ನೋಡಿದೆ. ತಿರುಗಲಿಲ್ಲ. ಹಿಂದಿನ ದಿನದಿಂದ ಕರೆಂಟಿರಲಿಲ್ಲ. ಹಾಗೇ ಬಿಟ್ಟೆ.

ಕುಶಾಲಪ್ಪಣ್ಣ ಮೊದಲು ಬಂದರು. ಸೈನ್ಯದಿಂದ ನಿವೃತ್ತರಾದ ಸುಬೇದಾರರು, ಎಲ್ಲಿಗೂ ಹೇಳಿದ ಸಮಯಕ್ಕಿಂತ ಮೊದಲೇ ಬರುವವರು. ಆಮೇಲೆ ಹಂಸ ಸ್ಕೂಟರಿನಲ್ಲಿ ಹಾರ್ನ್ ಹೊಡೆಯುತ್ತ ಬಂದ. ಕೊನೆಗೆ ಬೇಲಿಯ ಪಕ್ಕದಿಂದ ಸೀತಕ್ಕ. ಒಬ್ಬಂಟಿ ಹೆಂಗಸು, ಸ್ವಲ್ಪ ಕಾಫಿ ತೋಟ, ಒಂದು ಹಸು, ಮಿತವಾದ ಮಾತು. "ನಾನು ಸುಮ್ನೆ ಕೂತಿರ್ತೇನೆ ಬೆಳ್ಯಪ್ಪ. ಊಟಕ್ಕೆ ಬಂದದ್ದು" ಎಂದರು.

ನಾನು ಗಂಟಲು ಸರಿಮಾಡಿಕೊಂಡೆ. "ಮಾನ್ಯ ಮೀನುಗಾರ ಬಂಧುಗಳೇ..."

"ನಾನು ಮೀನುಗಾರ ಆಗಲ್ಲ. ದೋಣಿ ಕ್ಯಾಪ್ಟನ್ ಆಗ್ತೇನೆ" ಎಂದು ಕುಶಾಲಪ್ಪಣ್ಣ ಒಂದು ಬುಟ್ಟಿಯನ್ನು ವಶಪಡಿಸಿಕೊಂಡರು.

"ಹಾಗಾದ್ರೆ ನಾನು ಸಂಘದ ಅಧ್ಯಕ್ಷ. ಇಲ್ಲಿ ಸಮುದ್ರದ ಸಂಬಂಧ ಇರೋದು ನನಗೊಬ್ಬನಿಗೇ" ಎಂದ ಹಂಸ. ಐಸ್ ಪೆಟ್ಟಿಗೆಯ ಮೂಲಕ ಇರುವ ಸಂಬಂಧ! ಆದರೂ ಒಪ್ಪಿದೆ. ಸಮುದಾಯದ ಮನಸ್ಸು ನೋಯಿಸಬಾರದು ಎಂದು ಕಂಪನಿಯ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು.

ಮೊದಲ ಪ್ರಶ್ನೆ ಕ್ಯಾಪ್ಟನ್ನರಿಂದ ಬಂತು. "ಆನೆ ಬಂದು ಫ್ಯಾನಿನ ಕಂಬಕ್ಕೆ ಮೈ ಉಜ್ಜಿದ್ರೆ ಯಾರು ಜವಾಬ್ದಾರಿ?"

"ಕಡಲಿನಲ್ಲಿ ಆನೆ ಇಲ್ಲ ಕುಶಾಲಪ್ಪಣ್ಣ."

"ನಮ್ಮ ತೋಟಕ್ಕೂ ಆನೆ ಬರಲ್ಲ ಅಂತಲೇ ಹೇಳಿದ್ರು. ಈಗ ಬಚ್ಚಲಮನೆ ಹಿಂದೆ ನಿಂತಿರ್ತದೆ."

"ಮೀನು ಎಲ್ಲಿಗೆ ಹೋಗ್ತದೆ?" ಎಂದ ಅಧ್ಯಕ್ಷ.

"ಮೀನುಗಳು ಹೊಸ ಪರಿಸರಕ್ಕೆ ಹೊಂದಿಕೊಳ್ಳುತ್ತವೆ."

"ಮೀನನ್ನ ಕೇಳಿದ್ರಾ?"

"ಹಂಸ, ತಮಾಷೆ ಬೇಡ."

"ತಮಾಷೆ ಅಲ್ಲ ಬೆಳ್ಯಪ್ಪಣ್ಣ! ಮೀನು ಬರ್ಲಿಲ್ಲ ಅಂದ್ರೆ ನನ್ನ ಗಾಡಿ ಖಾಲಿ. ನಾನು ವಿರಾಜಪೇಟೆಯಿಂದ ಇಲ್ಲಿಯ ತನಕ ಖಾಲಿ ಪೆಟ್ಟಿಗೆಗೆ ಹಾರ್ನ್ ಹೊಡ್ಕೊಂಡು ಬರ್ಲಾ?" ಅವನ ಮುಖ ಕೆಂಪಾಗಿತ್ತು. ನೋಡನೋಡುತ್ತಿದ್ದಂತೆ ಈ ಮನುಷ್ಯ ನಿಜವಾಗಿಯೇ ಸಂಘದ ಅಧ್ಯಕ್ಷನಾಗಿಬಿಟ್ಟಿದ್ದ. ನನಗೂ ರೇಗಿತು. ನನ್ನ ಕಣ, ನನ್ನ ಬುಟ್ಟಿ, ನನ್ನ ಕೋಳಿ ಸಾರು, ಆದರೂ ನನಗೇ ವಿರೋಧವೇ?

ಅಷ್ಟರಲ್ಲಿ ಸುಮ್ಮನೆ ಕೂತಿದ್ದ ಸೀತಕ್ಕ ಬಾಯಿ ತೆರೆದರು. "ಆ ಕರೆಂಟು ಯಾರಿಗೆ?"

ಇದಕ್ಕೆ ನನ್ನಲ್ಲಿ ಉತ್ತರ ಸಿದ್ಧವಿತ್ತು. ಎದೆಯುಬ್ಬಿಸಿ "ದೇಶಕ್ಕೆ!" ಎಂದೆ.

"ನಮ್ಮನೆ ದೇಶದಲ್ಲಿ ಇಲ್ವಾ? ನಿನ್ನೆಯಿಂದ ಕರೆಂಟಿಲ್ಲ."

ಕುಶಾಲಪ್ಪಣ್ಣ ಚಪ್ಪಾಳೆ ತಟ್ಟಿದರು. ನಾನು ಏನಾದರೂ ಹೇಳಬೇಕೆನ್ನುವಷ್ಟರಲ್ಲಿ ಸೀತಕ್ಕ ಎದ್ದು ನಿಂತರು.

"ನನ್ನ ಕೊಟ್ಟಿಗೆ ಹತ್ರ ಹಲಸಿನ ಮರ ಇತ್ತಲ್ಲ, ನಿನಗೆ ನೆನಪುಂಟಾ? ಲೈನ್ ಎಳೀಲಿಕ್ಕೆ ಅದನ್ನ ಕಡಿದ್ರು. ನಾನು ತಂಗಿ ಮನೆಗೆ ಹೋಗಿದ್ದೆ. ವಾಪಸ್ ಬಂದು ನೋಡ್ತೇನೆ, ಚಕ್ಕೆ ಮಾತ್ರ ಬಿದ್ದಿತ್ತು. ಹಸು ಬಿಸಿಲಲ್ಲಿ ನಿಂತಿತ್ತು. ನಾನು ಬೇಡ ಅಂತಿದ್ನಾ? ಕರೆಂಟು ಯಾರಿಗೆ ಬೇಡ? ಕಂಬ ಎರಡು ಮಾರು ಆಚೆ ಹಾಕಿ ಅಂತಿದ್ದೆ. ಅಷ್ಟೇ ಹೇಳ್ತಿದ್ದೆ. ಅದನ್ನ ಹೇಳ್ಲಿಕ್ಕೂ ನನ್ನನ್ನ ಯಾರೂ ಕೇಳ್ಲಿಲ್ಲ."

ಆ ಹೊತ್ತಿಗೆ ನಾನು ಸುಮ್ಮನಿರಬೇಕಿತ್ತು. ಸುಮ್ಮನಿರುವುದನ್ನು ತರಬೇತಿಯಲ್ಲಿ ಹೇಳಿಕೊಟ್ಟಿರಲಿಲ್ಲ. ಹೇಳಿಕೊಟ್ಟಿದ್ದನ್ನೇ ಹೇಳಿದೆ: "ತಮ್ಮ ಅಮೂಲ್ಯ ಅಭಿಪ್ರಾಯವನ್ನು ಪರಿಗಣಿಸಲಾಗುವುದು."

"ಪರಿಗಣಿಸ್ತಾನಂತೆ!" ಎಂದು ಹಂಸ ಹಾರಿ ನಿಂತ. "ಫ್ಯಾನು ಬೇಡ!"

"ಬೇಡ!" ಎಂದರು ಕುಶಾಲಪ್ಪಣ್ಣ, ಪರೇಡಿನ ದನಿಯಲ್ಲಿ.

ಅಡುಗೆಮನೆಯಿಂದ "ಬೇಡವೇ ಬೇಡ!" ಎಂಬ ಹೆಣ್ಣು ದನಿಯೂ ಕೇಳಿತು. ಕಡುಬಿನ ಪಾತ್ರೆ ಹಿಡಿದು ನನ್ನ ಧರ್ಮಪತ್ನಿಯೇ ಚಳವಳಿ ಸೇರಿದ್ದಳು!

ಸೀತಕ್ಕ ಘೋಷಣೆ ಕೂಗಲಿಲ್ಲ. ನೆಟ್ಟಗೆ ಕಡಲಿಗಿಳಿದು, ಕಾಫಿ ತುಳಿಯದ ಹಾಗೆ ನಡೆದು, ಫ್ಯಾನನ್ನು ಎತ್ತಿ ಎರಡು ಮಾರು ಆಚೆ ಇಟ್ಟರು. "ಇಲ್ಲಿ ಇಡು. ಇಲ್ಲಿ ಯಾರಿಗೂ ತೊಂದ್ರೆ ಇಲ್ಲ" ಎಂದರು.

ಅಲ್ಲಿಯೇ, ಫ್ಯಾನಿನ ಮೂತಿಗೆ ಸರಿಯಾಗಿ, ತೂರದ ಕಾಳುಮೆಣಸಿನ ರಾಶಿಯಿತ್ತು. ಸರಿಯಾಗಿ ಅದೇ ಗಳಿಗೆಗೆ ಕರೆಂಟು ಬಂತು!

ಕೊಡಗಿನ ಮೊದಲ ಕಡಲ ಗಾಳಿ ಯೋಜನೆ ಪೂರ್ತಿ ವೇಗದಲ್ಲಿ ಆರಂಭವಾಯಿತು. ಮೆಣಸಿನ ಹೊಟ್ಟು, ದೂಳು, ಒಣಗಿದ ಎಲೆ ಎಲ್ಲ ಎದ್ದು ಮೋಡವಾಗಿ ನಮ್ಮ ಮೇಲೆ ಬಂತು. ಅಧ್ಯಕ್ಷರು ಸೀನಿದರು. ಕ್ಯಾಪ್ಟನ್ನರು ಸೀನಿ ದೋಣಿಯ ಮೇಲೆ ಕುಸಿದು ಕೂತರು, ದೋಣಿ ಅಪ್ಪಚ್ಚಿಯಾಯಿತು. ನಾನು ಕಣ್ಣು ಮುಚ್ಚಿಕೊಂಡು ಪ್ಲಗ್ಗಿನ ಕಡೆಗೆ ಓಡಿ, ವಯರಿಗೆ ಕಾಲು ಸಿಕ್ಕಿ, ಕಾಫಿಯ ಮೇಲೆ ಉದ್ದಕ್ಕೆ ಮಲಗಿದೆ. ಸೀನುತ್ತಲೇ ಎಲ್ಲರೂ "ಫ್ಯಾನು, ಆಕ್ಷಿ, ಬೇಡ! ಫ್ಯಾನು, ಆಕ್ಷಿ, ಬೇಡ!" ಎಂದು ಕೂಗುತ್ತಿದ್ದರು.

ತಲೆಯೆತ್ತಿದರೆ ಗೇಟಿನಲ್ಲಿ ವಸುಧಾ ಮೇಡಂ ನಿಂತಿದ್ದರು.

"ಬೆಳ್ಯಪ್ಪ" ಎಂದರು ಅವರು. "ಇಲ್ಲಿ ಸಮುದ್ರವೇ ಇಲ್ಲ. ಇಲ್ಲೂ ವಿರೋಧವಾ?" ಹೇಳಿ ಮುಗಿಸಿ ಅವರೂ ಸೀನಿದರು.

ನನ್ನ ಕೆಲಸ ಆ ಸೀನಿನಲ್ಲೇ ಹಾರಿಹೋಯಿತು ಅಂದುಕೊಂಡೆ. ಆದರೂ ತಲೆ ತಗ್ಗಿಸಲಿಲ್ಲ. ಮೈಮೇಲಿನ ಕಾಫಿ ಕೊಡವಿಕೊಂಡು ಎದ್ದು, "ಮೇಡಂ, ಇದು ವಿರೋಧ ಅಲ್ಲ, ಜನರ ಪಾಲ್ಗೊಳ್ಳುವಿಕೆ" ಎಂದೆ. ಅವರು ನನ್ನ ಕಡೆ ನೋಡಲೂ ಇಲ್ಲ. ಸೀತಕ್ಕನೇ ಮೇಡಂ ಕೈ ಹಿಡಿದು ಜಗಲಿಯಲ್ಲಿ ಕೂರಿಸಿ, ಮುಖಕ್ಕೆ ನೀರು ಕೊಟ್ಟು, ಕಾಫಿ ತರಿಸಿದರು. ಮೇಡಂ ಏನಾಯಿತೆಂದು ಕೇಳಿದರು. ಸೀತಕ್ಕ ಹಲಸಿನ ಮರದಿಂದ ಶುರುಮಾಡಿದರು. ಮೇಡಂ ಒಂದು ಮಾತೂ ನಡುವೆ ಆಡದೆ ಕೇಳಿದರು.

"ಹಾಗಾದರೆ ನಾವು ಹೇಗೆ ಕೇಳಬೇಕಿತ್ತು ಸೀತಕ್ಕ?"

"ಮೊದ್ಲು ಬಂದು ಕೂರ್ಬೇಕು. ಕಾಫಿ ಕುಡೀಬೇಕು. ಆಮೇಲೆ ಒಟ್ಟಿಗೆ ಹೋಗಿ ಜಾಗ ನೋಡ್ಬೇಕು. ನೀವು ಜಾಗ ನೋಡಿ, ಕಂಬ ತಂದು, ಆಮೇಲೆ ಕೇಳ್ಲಿಕ್ಕೆ ಬಂದ್ರೆ ಅದು ಕೇಳಿದ ಹಾಗೆ ಅಲ್ಲ."

ಎಲ್ಲರೂ ಊಟ ಮಾಡಿದರು. ನಾನು ಬಡಿಸಿದೆ. ಊಟವಾದ ಮೇಲೆ, ಸೋಮವಾರದ ಸಭೆಗೆ ನೀವೂ ಬನ್ನಿ ಎಂದು ಮೇಡಂ ಕರೆದದ್ದಕ್ಕೆ, ಅವರ ಕಾರಿನ ಮುಂದಿನ ಸೀಟಿಗೆ ಸೀತಕ್ಕ ಹತ್ತಿದರು. ಹಸುವನ್ನು ಲೀಲಾ ನೋಡಿಕೊಳ್ಳುತ್ತೇನೆಂದಳು. ನಾನು ಹಿಂದಿನ ಸೀಟಿನಲ್ಲಿ ಕೂತು, ಸಂಪಾಜೆ ಘಾಟಿಯ ಉದ್ದಕ್ಕೂ ಒಂದು ಪ್ಲಾಸ್ಟಿಕ್ ಚೀಲವನ್ನು ಭದ್ರವಾಗಿ ಹಿಡಿದುಕೊಂಡಿದ್ದೆ. ವಾಂತಿಗೆ.

ಸೋಮವಾರ ಸೀತಕ್ಕ ಮೊದಲ ಸಲ ಕಡಲು ಕಂಡರು. ಬಹಳ ಹೊತ್ತು ನೋಡಿದರು. ದಾರಿಯಲ್ಲಿ ಮೇಡಂ ನನ್ನ ಮೊದಲ ಸಭೆಯ ಕಥೆ ಹೇಳಿದ್ದು ನೆನಪಾಗಿರಬೇಕು, ನನ್ನ ಕಡೆ ತಿರುಗಿ, "ಇದನ್ನ ನೀನು ಖಾಲಿ ಅಂದ್ಯಾ?" ಎಂದರು. ಮೀನುಗಾರ ಹೆಂಗಸರ ನಡುವೆ ಮರಳಿನ ಮೇಲೆಯೇ ಕೂತು ಮರದ ಕಥೆ ಹೇಳಿದರು. ಅರ್ಧ ಕನ್ನಡ, ಅರ್ಧ ಕೈಸನ್ನೆ. ಆ ಹೆಂಗಸರು ತಮ್ಮ ಕಥೆ ಹೇಳಿದರು. ಅಂದು ಬಲೆಯಿಂದ ತಲೆಯೆತ್ತಿದ್ದ ಹಿರಿಯರು ಹತ್ತಿರ ಬಂದು ಕೂತರು. ಫ್ಯಾನು ನಿಲ್ಲಿಸಬೇಕೆಂದಿದ್ದ ಜಾಗ ಅವರಿಗೆ ಮೀನು ಸಿಗುವ ಜಾಗ ಎಂದು ಆಗ ತಿಳಿಯಿತು. ಮೇಡಂ ಮರುದಿನ ಅವರ ದೋಣಿಯಲ್ಲೇ ಹೋಗಿ ಬೇರೆ ಜಾಗ ನೋಡುತ್ತೇನೆಂದರು. ಜನ ಒಪ್ಪಿದರಾ? ಇಲ್ಲ. ಆದರೆ ಯಾರೂ ಎದ್ದು ಹೋಗಲಿಲ್ಲ.

ನನ್ನ ಕೆಲಸ ಉಳಿಯಿತು. ಕಾಯಂ ಕೂಡ ಆಯಿತು! ಆದರೆ ಸಣ್ಣದೊಂದು ಬದಲಾವಣೆ. ಸಭೆಗಳಲ್ಲಿ ಇನ್ನು ಮುಂದೆ ನಾನು ಮಾತಾಡಬಾರದು, ಎಲ್ಲರಿಗೂ ಕಾಫಿ ಕೊಡಬೇಕು. ಇದನ್ನು ನಾನು ಬಡ್ತಿ ಎಂದೇ ಪರಿಗಣಿಸಿದ್ದೇನೆ. ನನ್ನ ರಿಹರ್ಸಲ್ ಇಲ್ಲದಿದ್ದರೆ ಇದೆಲ್ಲ ಆಗುತ್ತಿತ್ತಾ? ಕಾಳುಮೆಣಸು ಕೂಡ ಒಂದು ಕಡ್ಡಿ ಉಳಿಯದಂತೆ ತೂರಿಹೋಗಿತ್ತು. "ನಿಮ್ಮ ಯೋಜನೆಯಿಂದ ಸ್ಥಳೀಯರಿಗೆ ಆದ ಲಾಭ ಇದೊಂದೇ" ಎಂದಳು ಲೀಲಾ.

ಕಳೆದ ವಾರ ಕರಾವಳಿಯಿಂದ ಮನೆಗೆ ಬರುತ್ತೇನೆ, ನಮ್ಮ ಕಣದ ಪಕ್ಕದಲ್ಲಿ ಲೈನಿನ ಕೆಲಸದವರು ಹೊಸ ಕಂಬಕ್ಕೆ ಗುಂಡಿ ತೋಡುತ್ತಿದ್ದಾರೆ! ನನ್ನ ರಕ್ತ ಕುದಿಯಿತು. ಸೀತಕ್ಕನ ಹಲಸಿನ ಮರ ಕಣ್ಣ ಮುಂದೆ ಬಂತು. ಬ್ಯಾಗು ಎಸೆದು ಅಬ್ಬರಿಸಿದೆ: "ನಿಲ್ಲಿಸಿ! ಇಲ್ಲಿಯ ಜನರನ್ನು ಕೇಳದೆ ಒಂದು ಹಿಡಿ ಮಣ್ಣೂ ಎತ್ತಬಾರದು! ಯಾರನ್ನು ಕೇಳಿ ತೋಡಿದ್ರಿ?"

ಗುಂಡಿಯೊಳಗಿದ್ದವನು ಹಾರೆಗೆ ಒರಗಿ ನಿಂತ. "ಕೇಳಿದ್ವಲ್ಲ ಸಾರ್. ಲೀಲಮ್ಮನ್ನ ಕೇಳಿದ್ವಿ. ಆಚೆ ಮನೆ ಸೀತಕ್ಕನ್ನ ಕೇಳಿದ್ವಿ. ಜಗಲೀಲಿ ಕೂರಿಸಿ ಕಾಫಿ ಕೊಟ್ರು. ಅವರೇ ಬಂದು ಈ ಜಾಗ ತೋರಿಸಿದ್ದು."

"ಮತ್ತೆ ನನ್ನನ್ನು?"

ಅವನು ತಲೆ ಕೆರೆದುಕೊಂಡ. "ನಿಮ್ಮನ್ನೂ ಕೇಳ್ಬೇಕಾ ಅಂತ ಕೇಳಿದ್ವಿ ಸಾರ್. ಅಮ್ಮ ಬೇಡ ಅಂದ್ರು."

ಇಂಥ ಅನ್ಯಾಯವನ್ನು ಸಹಿಸುವ ಜಾಯಮಾನ ನನ್ನದಲ್ಲ. ತಲೆಯೆತ್ತಿಕೊಂಡು ದಾಪುಗಾಲು ಹಾಕಿ ನೇರ ಅಡುಗೆಮನೆಗೆ ಹೋದೆ. ಅವರಿಗೆಲ್ಲ ಇನ್ನೊಂದು ಸುತ್ತು ಕಾಫಿ ತಂದುಕೊಟ್ಟೆ.